ನಲವತ್ತೊಂದನೇ ಪುಟದ ಹೌದು

ಮಾರ್ಚ್ 3, ಸೋಮವಾರ. ಮಧ್ಯಾಹ್ನ 1.40

ಮೂರನೇ ನಂಬರ್ ಕೋರ್ಟ್ ಹಾಲ್‌ನ ಚರಿತ್ರೆಯಲ್ಲಿ ಸುವರ್ಣಾಕ್ಷರಗಳಿಂದ ಬರೆದಿಡತಕ್ಕ ದಿನ. ನಾಲ್ಕು ಅರ್ಜಿ, ಎರಡು ರಿಮೈಂಡರ್ ಮತ್ತು ಒಂದು ಹುಸಿ ಸೊಂಟನೋವಿನ ತರುವಾಯ ಸ್ಟೆನೋ ಕುರ್ಚಿಗೆ ಹೊಸ ಗಾಲಿ ಬಂತು. ಎಡಗಡೆ, ಹಿಂದಿನದು. ಅಟೆಂಡರ್ ಮಂಡಿಯೂರಿ ಹಾಕಿದ. ಬೆಂಚ್ ಕ್ಲರ್ಕು ಎದ್ದು ನಿಂತು ವೀಕ್ಷಿಸಿದರು. ಕೂತು ಹಿಂದಕ್ಕೂ ಮುಂದಕ್ಕೂ ಓಡಿಸಿದೆ. ಕೀಂಯ್ ಅಂದಿತು.

"ಹೊಸದಲ್ವಾ ಕಿವಿ ಮೇಡಂ, ಹೊಸದರಲ್ಲಿ ಎಲ್ಲಾ ಮಾತಾಡುತ್ತೆ. ಆಮೇಲೆ ಸುಮ್ಮನಾಗುತ್ತೆ," ಅಂದರು ಕ್ಲರ್ಕು. ಮದುವೆಯಾಗಿ ಮೂವತ್ತು ವರ್ಷವಾದವರು.

ಕಿವಿ ಮೇಡಂ ಅಂದರೆ ನಾನೇ. ಹಾಲ್‌ನ ರೆಕಾರ್ಡಿಂಗ್ ಯಂತ್ರ ರಿಪೇರಿಗೆ ಹೋಗಿ ಎಂಟು ತಿಂಗಳು. ಅದು ಬರುವವರೆಗೆ ಯಂತ್ರವೂ ನಾನೇ.

ಅಂದ ಹಾಗೆ — ಇವತ್ತಿನಿಂದ ಕೊಲೆ ಕೇಸಿನ ಉತ್ತರಾರ್ಧ ಶುರು. ಅಪರಾಧಿ ಅಂತ ಹೋದ ವಾರವೇ ತೀರ್ಮಾನವಾಗಿದೆ. ಉಳಿದಿರುವುದು ಒಂದೇ ಪ್ರಶ್ನೆ: ಗಲ್ಲೋ, ಜೀವಾವಧಿಯೋ. ಆತ ಬೀಗ ರಿಪೇರಿಯವನು. ಎರಡು ತಿಂಗಳ ಹಿಂದೆ ತಾನೇ ಕೂರಿಸಿದ ಬೀಗವನ್ನು ಹಾಡಹಗಲೇ ತೆರೆದು ಕದಿಯಲು ಹೋದ. ಮನೆ ಖಾಲಿ ಅಂದುಕೊಂಡಿದ್ದ. ಜ್ವರ ಅಂತ ರಜೆ ಹಾಕಿ ಮಲಗಿದ್ದ ಇಪ್ಪತ್ನಾಲ್ಕರ ಹುಡುಗಿ ಎದ್ದು ಬಂದಳು. ಗುರುತು ಹಿಡಿದಳು. ಮುಂದಿನದನ್ನು ಹೋದ ತಿಂಗಳು ಟೈಪ್ ಮಾಡಿದ್ದೇನೆ. ಇನ್ನೊಂದು ಸಲ ಬರೆಯಲಾರೆ.

ಇಷ್ಟು ದಿನ 'ಆತ ಏನು ಮಾಡಿದ' ಅಂತ ನಡೆಯಿತು. ಇನ್ನು ಮೇಲೆ 'ಆತ ಯಾರು' ಅಂತ ನಡೆಯುತ್ತದೆ. ನಿಜ ಹೇಳುವುದಾದರೆ ನನಗೆ ಈ ಭಾಗದ್ದೇ ಕುತೂಹಲ. ಅದಕ್ಕೇ ಈ ಡೈರಿ. ಮೇಜಿನ ಡ್ರಾಯರ್‌ನಲ್ಲೇ ಇರುತ್ತದೆ. ಮನೆಗೆ ಒಯ್ದರೆ ಅತ್ತೆ ಓದುತ್ತಾರೆ, ಓದಿದ ಮೇಲೆ ಇಡೀ ಕಟ್ಟಡ ಓದಿದ ಹಾಗೆ.

ಮಾರ್ಚ್ 4, ಮಂಗಳವಾರ. ಸಂಜೆ 5.15

ಮೊದಲು ಜೈಲಿನ ಅಧಿಕಾರಿ. ಕರೆಸಿದ್ದು ಡಿಫೆನ್ಸ್ ವಕೀಲೆ — ಸಣ್ಣ ಆಳು, ದೊಡ್ಡ ಫೈಲು.

"ನಡತೆ ಹೇಗಿದೆ?"

"ಒಳ್ಳೇದಿದೆ. ಕೆಲಸದಲ್ಲಿ ಚುರುಕು."

"ಏನು ಕೆಲಸ ಕೊಟ್ಟಿದ್ದೀರಿ?"

ಅಧಿಕಾರಿ ಸ್ವಲ್ಪ ತಡವರಿಸಿದರು. "ಆಫೀಸಿನ ಬೀರು ಬೀಗ ಕೆಟ್ಟಿತ್ತು..."

ಸರ್ಕಾರಿ ವಕೀಲರು ಎದ್ದರು. ಎತ್ತರದ ಆಸಾಮಿ, ಎದ್ದಾಗ ಫ್ಯಾನಿಗೇ ಭಯ. "ಜೈಲಲ್ಲಿ ಬೀಗ ತೆಗೆಯೋ ಕೆಲಸ ಈತನ ಕೈಗೆ ಕೊಟ್ರಾ?"

"ಬೀರುದು ಮಾತ್ರ ಸಾರ್. ಗೇಟಿನದ್ದಲ್ಲ."

ಹಾಲ್ ನಕ್ಕಿತು. ಜಡ್ಜ್ ಸಾಹೇಬರು ಕನ್ನಡಕ ಒರೆಸಿಕೊಂಡರು — ನಗು ಬಂದರೆ ಅವರು ಹಾಗೇ ಮಾಡುವುದು. ನಗುವನ್ನು ದಾಖಲೆಗೆ ಹಾಕುವ ಹಾಗಿಲ್ಲ. ಹಾಕಲಿಲ್ಲ. ಅಳುವನ್ನೂ ಅಷ್ಟೆ. ಬಾಯಿಂದ ಬಂದ ಮಾತು ಮಾತ್ರ. ಕೈಸನ್ನೆ, ತಲೆಯಾಟ ಬಂದರೆ 'ತಲೆಯಾಡಿಸಿದರು' ಅಂತ ಬರೆಯಬೇಕು, ಸಾಹೇಬರು ಬಾಯಿಬಿಟ್ಟು ಹೇಳಿಸಬೇಕು. ಇಪ್ಪತ್ತೊಂದು ವರ್ಷದಿಂದ ಹೊಸಬರಿಗೆ ನಾನೇ ಕಲಿಸುವ ಮೊದಲ ಪಾಠ.

ಆಮೇಲೆ ಆತನ ಅಕ್ಕ. ಅಮ್ಮ ಕೆಲಸಕ್ಕೆ ಹೋಗುವಾಗ ಇಬ್ಬರನ್ನೂ ಒಳಗಿಟ್ಟು ಬೀಗ ಹಾಕಿಕೊಂಡು ಹೋಗುತ್ತಿದ್ದಳಂತೆ. ಒಂದು ದಿನ ಅಮ್ಮ ಮರಳಿ ಬರಲೇ ಇಲ್ಲ. ಎರಡನೇ ದಿನ ಆರು ವರ್ಷದ ತಮ್ಮ ಚಮಚದ ಹಿಡಿಯಿಂದ ಬೀಗ ತೆಗೆದ.

"ಆವತ್ತು ಎಲ್ರೂ ಇವನನ್ನ ಹೊಗಳಿದ್ರು," ಅಂದಳು ಅಕ್ಕ.

ಆತ ತಲೆ ಎತ್ತಲಿಲ್ಲ. ಕಟಕಟೆಯ ಗೇಟಿನ ಚಿಲಕವನ್ನೇ ನೋಡುತ್ತಿದ್ದ. ಏನು ನೋಡುತ್ತಾನೋ... ಅದೊಂದು ಮಾಮೂಲಿ ಚಿಲಕ.

ಮಾರ್ಚ್ 6, ಗುರುವಾರ. 4.50

ಹುಡುಗಿಯ ತಾಯಿ. ಟೈಲರ್. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು, ತೆಗೆಯಲು ಮರೆತಿದ್ದಾರೆ. ಯಾರೂ ಹೇಳಲಿಲ್ಲ. ಸಾಕ್ಷಿಯ ಕಟ್ಟೆ ನನ್ನ ಕುರ್ಚಿಯಿಂದ ಮೂರು ಹೆಜ್ಜೆ.

ಮುಕ್ಕಾಲು ಗಂಟೆ ಮಾತಾಡಿದರು. ಮಗಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದದ್ದು, ಊಟಕ್ಕೆ ಕೂತರೆ ಕಾಲು ಅಲ್ಲಾಡಿಸುತ್ತಿದ್ದದ್ದು. ಬೆರಳು ಮರಗಟ್ಟಿತು ನನಗೆ. ಎಸಿ ಬೇರೆ ಹಿಮಾಲಯ. ಶಾಲು ಹೊದ್ದು, ಕುರ್ಚಿ ಆಚೀಚೆ ಎಳೆದುಕೊಂಡು, ಬರೆದೇ ಬರೆದೆ.

ಕೊನೆಗೆ ಸರ್ಕಾರಿ ವಕೀಲರು ದನಿ ತಗ್ಗಿಸಿ: "ಅಮ್ಮಾ, ಈತನಿಗೆ ಗಲ್ಲಾದ್ರೆ ನಿಮ್ಮ ಮನಸ್ಸಿಗೆ ಸಮಾಧಾನ ಸಿಗುತ್ತಾ?"

ಹೌದು.

ಅಷ್ಟೇ. ವಕೀಲರು ಕೂತರು. ಡಿಫೆನ್ಸ್ ವಕೀಲೆ ಪಾಟೀಸವಾಲು ಇಲ್ಲ ಅಂದರು. ತಾಯಿಯನ್ನು ಏನಂತ ಕೇಳುತ್ತಾರೆ, ಪಾಪ.

ಮಾರ್ಚ್ 7, ಶುಕ್ರವಾರ. ಬೆಳಿಗ್ಗೆ 9.50

ನಿನ್ನೆ ಮನೆಗೆ ಹೋದರೆ ಬಾಗಿಲಲ್ಲೇ ಅತ್ತೆ. "ಈ ಶಾಲು ಯಾವ ಲಾರಿ ಕೆಳಗೆ ಬಿದ್ದಿತ್ತೇ?"

ನೋಡಿದರೆ ತುದಿ ಹರಿದು ಜಾಲರಿ. ಕರಿ ಗ್ರೀಸು, ಗುಂಡಗೆ. ಹೊಸ ಗಾಲಿಯ ಕಾಣಿಕೆ.

"ಕೋರ್ಟಲ್ಲಿ ಏನು ನಡೀತು ಅಂತ ಹೇಳಲ್ಲ, ಶಾಲಿಗೆ ಏನಾಯ್ತು ಅಂತಾದ್ರೂ ಹೇಳು."

"ಎರಡೂ ಗೊತ್ತಿಲ್ಲ ಅತ್ತೆ."

"ಬಾಯಿಬಿಟ್ಟರೆ ಮುತ್ತು ಉದುರುತ್ತೆ ಇವಳಿಗೆ," ಅಂತ ಸೂಜಿ ತಗೊಂಡು ಕೂತರು. ಹೊಲಿದರು. ಹೊಲಿಯದಿದ್ದರೆ ಚೆನ್ನಾಗಿತ್ತು.

ಮಾರ್ಚ್ 17, ಸೋಮವಾರ. 1.30

ಹತ್ತು ದಿನ ಟೈಪಿಂಗ್. ಅದರ ಪ್ರತಿ ಎರಡೂ ಕಡೆಯ ವಕೀಲರಿಗೆ ಹೋಯಿತು, ತಿದ್ದುಪಡಿ ಇಲ್ಲ ಅಂತ ಎರಡೂ ಕಡೆಯಿಂದ ಬಂತು. ಬೀಗುತ್ತಾ ಕೂತಿದ್ದೆ.

ಇವತ್ತು ಅಂತಿಮ ವಾದ. ಸರ್ಕಾರಿ ವಕೀಲರು ಪುಟ ಎತ್ತಿ ಹಿಡಿದು: "ನಲವತ್ತೊಂದನೇ ಪುಟ, ಹನ್ನೆರಡನೇ ಸಾಲು. ಮಗಳನ್ನು ಕಳೆದುಕೊಂಡ ತಾಯಿಯ ಬಾಯಿಂದ ಬಂದದ್ದು ಒಂದೇ ಪದ, ಸ್ವಾಮಿ. 'ಹೌದು.' ಇದಕ್ಕಿಂತ ಹೆಚ್ಚು ನಾನೇನು ವಾದಿಸಲಿ?"

ಸಾಹೇಬರು ಆ ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದದ್ದು ಕಂಡಿತು.

ಆಗ ಶುರುವಾಯಿತು ನನ್ನ ಕಾಯಿಲೆ. ನಾನು ಬರೆದ ಯಾವ ಸಾಲು ಓದಿದರೂ ಆ ದನಿ ಕಿವಿಯಲ್ಲಿ ಏಳುತ್ತದೆ. ಅಕ್ಕನ 'ಹೊಗಳಿದ್ರು' ಈಗಲೂ ಕೇಳಿಸುತ್ತದೆ, ಸ್ವಲ್ಪ ನೆಗಡಿ ಸಮೇತ. ಈ 'ಹೌದು'ಗೆ ದನಿಯೇ ಇಲ್ಲ. ಎಷ್ಟು ಹುಡುಕಿದರೂ... ಕೇಳಿಸುವುದು ಒಂದೇ — ಕೀಂಯ್.

3.10

ಶಾರ್ಟ್‌ಹ್ಯಾಂಡ್ ಪುಸ್ತಕ ತೆಗೆದು ನೋಡಿದೆ. ಗೆರೆ ಇದೆ. 'ಹೌದು' ಅಂತಲೇ ಇದೆ. ಕೈ ನನ್ನದೇ. ಆದರೆ ಕಣ್ಣಮುಂದೆ ಬರುವುದು ತಾಯಿಯ ತಲೆ — ಕೆಳಗೆ, ಮೇಲೆ, ಮತ್ತೆ ಕೆಳಗೆ. ತಲೆ ಆಡಿತು. ನಾನು ಮಾತು ಬರೆದೆ. ಹೊಸಬರಿಗೆ ಕಲಿಸುವ ಮೊದಲ ಪಾಠ!

ಇನ್ನೊಂದು. ಆ ತಲೆ ವಕೀಲರ ಕಡೆ ಇರಲಿಲ್ಲ. ನೆಲದ ಕಡೆ, ನನ್ನ ಕಡೆ ಇತ್ತು. ಏನು ನೋಡುತ್ತಿದ್ದರು ಅವರು?

ಸಾಕ್ಷಿಯನ್ನು ನಾನು ಕೇಳುವ ಹಾಗಿಲ್ಲ. ಕುತೂಹಲಕ್ಕೆ ಅನುಮತಿಪತ್ರ ಕೊಡುವ ಕೌಂಟರ್ ಈ ಕಟ್ಟಡದಲ್ಲಿಲ್ಲ. ಸಾಹೇಬರಿಗೆ ಹೇಳಬೇಕು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಒಬ್ಬ ಮನುಷ್ಯ ನನ್ನ ಒಂದು ಗೆರೆಯ ಮೇಲೆ ನಿಂತಿರುತ್ತಾನೆ, ಅಷ್ಟೇ.

ಮಾರ್ಚ್ 18, ಮಂಗಳವಾರ. 11.20

ಬೆಳಿಗ್ಗೆ ಕ್ಲರ್ಕಿಗೆ ಹೇಳಿದೆ. ಅವರ ಮುಖ ಸುಣ್ಣ. "ಕಿವಿ ಮೇಡಂ, ತಲೆ ಆಡ್ಸಿದ್ದನ್ನ ನಾವೆಲ್ಲಾ ನೋಡಿದ್ವಿ. ಹೌದು ಅಂದ್ರೂ ಒಂದೇ, ತಲೆ ಆಡ್ಸಿದ್ರೂ ಒಂದೇ. ಸುಮ್ಮನೆ ಯಾಕೆ ಮೈಮೇಲೆ ಎಳ್ಕೋತೀರಿ? ಪ್ರಮೋಷನ್ ಲಿಸ್ಟು ಬೇರೆ ಬರೋದ್ರಲ್ಲಿದೆ."

"ಒಂದೇ ಆಗಿದ್ರೆ ನನಗೆ ಯಾಕೆ ನಿದ್ದೆ ಬರ್ಲಿಲ್ಲ?"

"ವಯಸ್ಸಾಯ್ತು ನಿಮಗೆ."

ಚೇಂಬರ್. ಸಾಹೇಬರು ಪೂರ್ತಿ ಕೇಳಿದರು. ಕನ್ನಡಕ ಒರೆಸಲಿಲ್ಲ.

"ಇಪ್ಪತ್ತೊಂದು ವರ್ಷದಲ್ಲಿ ಹೀಗೆ ಎಷ್ಟು ಸಲ ಆಗಿದೆ?"

"ಗೊತ್ತಿಲ್ಲ ಸರ್. ಗೊತ್ತಾಗಿದ್ದು ಇದೊಂದೇ."

"ಬರೆದು ಕೊಡಿ."

ಬರೆದು ಕೊಟ್ಟೆ. ಟೈಪ್ ಮಾಡಿದ್ದೂ ನಾನೇ. ನನ್ನ ತಪ್ಪಿನಲ್ಲಿ ಒಂದೂ ಟೈಪಿಂಗ್ ತಪ್ಪಿಲ್ಲ — ದಾಖಲೆಗಾಗಿ.

ಮಾರ್ಚ್ 20, ಗುರುವಾರ. 12.45

ತಾಯಿಯನ್ನು ಮತ್ತೆ ಕರೆಸಿದರು. ಇವತ್ತು ಟೇಪು ಇರಲಿಲ್ಲ. ನಾನು ಕುರ್ಚಿ ಅಲ್ಲಾಡಿಸದೆ ಕಲ್ಲಿನ ಹಾಗೆ ಕೂತೆ.

ಸಾಹೇಬರೇ ಕೇಳಿದರು. "ಅಮ್ಮಾ, ಹೋದ ಸಲ ಕೊನೇ ಪ್ರಶ್ನೆಗೆ ನೀವು ಬಾಯಿಂದ ಉತ್ತರ ಹೇಳಿದ್ರಾ?"

"ಇಲ್ಲ."

"ತಲೆ ಆಡಿಸಿದ್ರಿ."

"ನಾನಾ?" ನನ್ನ ಕಡೆ ನೋಡಿದರು. "ಈ ಮೇಡಂದು ಶಾಲು ಗಾಲಿಗೆ ಸಿಕ್ಕಿತ್ತು. ಕುರ್ಚಿ ಹಿಂದೆ ಹೋದ್ರೆ ಒಳಗೆ ಹೋಗೋದು, ಮುಂದೆ ಬಂದ್ರೆ ಹೊರಗೆ ಬರೋದು. ಒಳ್ಳೇ ಬಟ್ಟೆ. ಹರಿಯುತ್ತಲ್ಲಾ ಅಂತ ನೋಡ್ತಾ ಇದ್ದೆ."

ಯಾರೂ ನಗಲಿಲ್ಲ. ನನ್ನ ಕಿವಿ ಬಿಸಿಯಾದದ್ದು ನನಗೇ ಗೊತ್ತಾಯಿತು.

"ಪ್ರಶ್ನೆ ಕೇಳಿಸಿತ್ತಾ ನಿಮಗೆ?"

"ಕೇಳಿಸ್ತು. ಅದಕ್ಕೇ ಶಾಲು ನೋಡ್ತಾ ಇದ್ದೆ."

ಸಾಹೇಬರು ಪೆನ್ಸಿಲ್ ಕೆಳಗಿಟ್ಟು: "ಈಗ ಕೇಳಿದ್ರೆ ಏನು ಹೇಳ್ತೀರಿ?"

ತಾಯಿ ಬಹಳ ಹೊತ್ತು ಸುಮ್ಮನಿದ್ದರು. ಗಡಿಯಾರ ನೋಡಿದೆ, ಪೂರ್ತಿ ಒಂದೂವರೆ ನಿಮಿಷ. ಮೌನವನ್ನೂ ದಾಖಲೆಗೆ ಹಾಕುವ ಹಾಗಿಲ್ಲ. ಇಲ್ಲಿ ಹಾಕುತ್ತಿದ್ದೇನೆ.

"ಅಳತೆ ಪುಸ್ತಕದಲ್ಲಿ ಅವಳ ಪುಟ ಇನ್ನೂ ಇದೆ ಸಾಹೇಬ್ರೆ. ಭುಜ, ತೋಳು, ಎಲ್ಲಾ. ಇವನು ಸತ್ರೆ ಆ ಪುಟ ಏನು ಮಾಡ್ಲಿ, ಬದುಕಿದ್ರೆ ಏನು ಮಾಡ್ಲಿ? ಎರಡೂ ನನಗೆ ಗೊತ್ತಿಲ್ಲ. ಇವನು ಬದುಕ್ಲಿ ಅಂತ ನಾನು ಹೇಳಲ್ಲ. ಸಾಯ್ಲಿ ಅಂತ ನನ್ನ ಕೈಲಿ ಹೇಳಿಸ್ಬೇಡಿ. ಗೊತ್ತಿಲ್ಲ ಅಂತಾನೇ ಬರ್ಕೊಳ್ಳಿ."

ಆಮೇಲೆ ನನ್ನ ಕಡೆ ತಿರುಗಿ, "ಬರ್ಕೊಂಡ್ರಾ?"

ಇಷ್ಟು ವರ್ಷದಲ್ಲಿ ಯಾವ ಸಾಕ್ಷಿಯೂ ಕೇಳಿರಲಿಲ್ಲ. ಹೂಂ ಅಂತ ತಲೆ ಆಡಿಸಲು ಹೋದವಳು ತಡೆದುಕೊಂಡು, "ಬರ್ಕೊಂಡೆ," ಅಂತ ಬಾಯಿಬಿಟ್ಟು ಹೇಳಿದೆ.

ಆತ ಇವತ್ತು ಚಿಲಕ ನೋಡಲಿಲ್ಲ. ಆಕೆಯನ್ನು ನೋಡಿದ. ಆಕೆ ನೋಡಲಿಲ್ಲ.

ಮಾರ್ಚ್ 28, ಶುಕ್ರವಾರ. ಸಂಜೆ 4.30

ತೀರ್ಪು ಎಪ್ಪತ್ತೊಂದು ಪುಟ. ಸಾಹೇಬರು ಹೋದ ಶನಿವಾರದಿಂದ ಡಿಕ್ಟೇಷನ್ ಕೊಟ್ಟರು, ಕೊನೆಯ ಎರಡು ಪುಟ ಬಿಟ್ಟು. ಅವನ್ನು ಇವತ್ತು ಬೆಳಿಗ್ಗೆ ಬಾಗಿಲು ಹಾಕಿಕೊಂಡು ತಾವೇ ಕೈಯಲ್ಲಿ ಬರೆದರು. ಹಾಗಾಗಿ ಜೀವನದಲ್ಲಿ ಮೊದಲ ಸಲ ಒಂದು ತೀರ್ಪನ್ನು ನಾನು ಎಲ್ಲರ ಜೊತೆ ಕೇಳಿದೆ.

"ಮೊದಲು ದಾಖಲಾದ ಉತ್ತರವನ್ನು ಸಾಕ್ಷಿ ಕೊಟ್ಟಿರಲಿಲ್ಲ. ಕೊಟ್ಟ ಉತ್ತರ 'ಗೊತ್ತಿಲ್ಲ.' ಮಗಳನ್ನು ಕಳೆದುಕೊಂಡವರೇ ನಿಂತ ಜಾಗದಿಂದ ಒಂದು ಹೆಜ್ಜೆ ಮುಂದಿಡಲು ನನ್ನಲ್ಲಿ ಸಾಕಷ್ಟು ಕಾರಣಗಳಿಲ್ಲ."

ಜೀವಾವಧಿ. ಉಸಿರಿರುವವರೆಗೆ, ಬಿಡುಗಡೆಯಿಲ್ಲದೆ.

ಆತನ ಅಕ್ಕ ಬೆಂಚಿನ ಮೇಲೆ ಕೂತೇ ಬಿಟ್ಟಳು. ಸರ್ಕಾರಿ ವಕೀಲರು ಫೈಲು ಕಟ್ಟಿದರು, ನನ್ನ ಕಡೆ ನೋಡದೆ. ಆತನನ್ನು ಕರೆದೊಯ್ಯುವಾಗ ಕಟಕಟೆಯ ಚಿಲಕ ಸಿಕ್ಕಿಹಾಕಿಕೊಂಡಿತು. ಪೊಲೀಸಿನವನು ಎಳೆದ, ಬರಲಿಲ್ಲ. ಆತ, "ಸ್ವಲ್ಪ ಮೇಲಕ್ಕೆ ಎತ್ತಿ ಎಳೀರಿ ಸಾರ್," ಅಂದ. ಬಂತು. ಇಷ್ಟು ದಿನ ನೋಡುತ್ತಿದ್ದದ್ದು ಅದನ್ನೇ.

ಹಾಲ್ ಖಾಲಿಯಾದ ಮೇಲೆ ತಾಯಿ ನನ್ನ ಮೇಜಿನ ಹತ್ತಿರ ಬಂದರು. ಎದ್ದು ನಿಂತೆ. ಅವರು ಶಾಲಿನ ತುದಿ ಹಿಡಿದು ನೋಡಿದರು.

"ಯಾರು ಹೊಲಿದಿದ್ದು ಇದನ್ನ?"

"ನಮ್ಮತ್ತೆ."

"ಅವರಿಗೆ ಹೇಳ್ಬೇಡಿ," ಅಂದರು. ಶಾಲು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. "ಗುರುವಾರ ಬನ್ನಿ."

ಯಾವ ಟೈಲರ್ ಹೇಳಿದ ಗುರುವಾರಕ್ಕೆ ಬಟ್ಟೆ ಕೊಟ್ಟಿದ್ದಾರೆ? ಆದರೂ ಹೋಗುತ್ತೇನೆ.

ಮಾರ್ಚ್ 31, ಸೋಮವಾರ. ಬೆಳಿಗ್ಗೆ 9.40

ಮೆಮೋ ಬಂತು. ಇವತ್ತಿನಿಂದಲೇ ನೆಲಮಾಳಿಗೆಯ ರೆಕಾರ್ಡ್ ರೂಮ್. ಪ್ರಮೋಷನ್ ಲಿಸ್ಟಿನಲ್ಲಿ ಹೆಸರಿಲ್ಲ. ಅತ್ತೆಗೆ 'ಕೆಳಗಿನ ಮಹಡಿಗೆ ಬಡ್ತಿ' ಅಂತ ಹೇಳುವುದು. ಅಲ್ಲಿ ಎಸಿ ಇಲ್ಲವಂತೆ, ಶಾಲೂ ಬೇಕಿಲ್ಲ. ಇಪ್ಪತ್ತೊಂದು ವರ್ಷದ ನೋಟ್‌ಪುಸ್ತಕಗಳು ಅಲ್ಲೇ ಇವೆ. ಇನ್ನೆಷ್ಟು 'ಹೌದು'ಗಳಿಗೆ ದನಿ ಇಲ್ಲವೋ, ಒಂದೊಂದಾಗಿ ನೋಡಬೇಕು. ಕುತೂಹಲಕ್ಕೆ ಅಲ್ಲಿ ಯಾರ ಅನುಮತಿಯೂ ಬೇಡ.

ಕ್ಲರ್ಕು ಕರೆಯುತ್ತಿದ್ದಾರೆ. ಹೊಸ ಸ್ಟೆನೋ ಬಂದಾಯಿತಂತೆ, ಕಾರಿಡಾರಿನಲ್ಲಿ ನಿಂತಿದ್ದಾರೆ. ಡೈರಿ ಇಲ್ಲೇ ಬಿಡುತ್ತೇನೆ. ಡ್ರಾಯರ್ ತೆರೆದು ಓದುತ್ತಿರುವವರು ನೀವೇ ಆಗಿದ್ದರೆ ಒಂದು ಸಣ್ಣ ಉಪಕಾರ ಮಾಡಿ. ಎಡಗಡೆ ಹಿಂದಿನ ಗಾಲಿ ಇನ್ನೂ ಕೀಂಯ್ ಅನ್ನುತ್ತದೆ. ಎಣ್ಣೆ ಡಬ್ಬಿ ಕೆಳಗಿನ ಡ್ರಾಯರ್‌ನಲ್ಲಿದೆ. ಎರಡೇ ಹನಿ, ಹೆಚ್ಚು ಬೇಡ. ಮತ್ತೆ, ಶಾಲು ಹೊದ್ದು ಬರುವವರಾದರೆ, ಕೂರುವ ಮುಂಚೆ ತುದಿಯನ್ನು ಎತ್ತಿ ಮಡಿಲಿಗೆ —