ಏಕಾದಶಿಯ ಮಾತ್ರೆ

ಚಿರಂಜೀವಿ ಶ್ರೀಶನಿಗೆ,

ವೆಸ್ಟ್ ಮಾಂಬಲಂನ ಒಂದೇ ಓಣಿಯಲ್ಲಿ, ನಿಮ್ಮ ಹೋಟೆಲಿನ ಕೂಗಳತೆಯಲ್ಲಿದ್ದೂ ಸೋದರಳಿಯನಿಗೆ ಪತ್ರ ಬರೆಯಬೇಕಾಗಿ ಬಂದಿದೆ. ಎದುರು ಕುಳಿತರೆ ಮಾತಿನ ನಡುವೆಯೇ ಎದ್ದುಹೋಗುತ್ತೀಯೆ. ಇದನ್ನಾದರೂ ಕೊನೆಯವರೆಗೆ ಓದು.

ಕೀಲ್ಪಾಕಿನ ಮನೋವೈದ್ಯೆ ವಂದನಾ ಎಷ್ಟು ತಾಳ್ಮೆಯಿಂದ ವಿವರಿಸಿದ್ದರು! ಯಾವುದು ಮುಖ್ಯ, ಯಾವುದಕ್ಕೆ ಕಿವಿಗೊಡಬೇಕೆಂಬ ಸುದ್ದಿಯನ್ನು ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಒಯ್ಯುತ್ತದೆ. ಅದು ಮಿತಿಮೀರಿದಾಗ ಅಡುಗೆಮನೆಯ ಫ್ಯಾನಿನ ಸದ್ದೂ ನಿನ್ನನ್ನೇ ಬೈಯುವ ಮಾತಾಗುತ್ತದೆ. ಮಾತ್ರೆ ಆ ಸುದ್ದಿ ತಲುಪುವ ಬಾಗಿಲಿಗೆ ಅಡ್ಡ ಕುಳಿತುಕೊಳ್ಳುತ್ತದೆ. ಆದರೆ ಕೈಕಾಲು ಆಡಿಸಲೂ ಅದೇ ಡೋಪಮೈನ್ ಬೇಕು. ಹಾಗಾಗಿಯೇ ನಿನ್ನ ಮಣಿಕಟ್ಟು ಬಿಗಿಯಿತು, ಕಾವಲಿಯ ಮೇಲಿನ ದೋಸೆ ಸೊಟ್ಟಗಾಯಿತು.

“ಇದು ನನ್ನ ಕೈಯೇ ಅಲ್ಲ ಮಾವಾ! ಗಿರಾಕಿಗಳು ‘ಎನ್ನ ಸಾರ್, ಶ್ರೀಲಂಕಾ ಮ್ಯಾಪಾ?’ ಅಂತ ನಗ್ತಾರೆ,” ಎಂದಿದ್ದೆ.

ಆ ಸಂಕಟ ನನಗೆ ತಿಳಿಯದ್ದಲ್ಲ. ಆದರೆ ನೀನು ಮಾಡಿದ್ದೇನು? ಏಕಾದಶಿಯಂದು ಅನ್ನನೀರಿನ ಜೊತೆಗೆ ಮಾತ್ರೆಯನ್ನೂ ಬಿಟ್ಟೆ. “ಒಂದು ದಿನಕ್ಕೆ ಏನಾಗ್ತದೆ ಅಣ್ಣಾ? ದೇವರು ನೋಡಿಕೊಳ್ತಾನೆ,” ಎಂದಳು ನಿನ್ನ ತಾಯಿ ಸರಸ. ದ್ವಾದಶಿಯಂದೂ ಏನೂ ಆಗಲಿಲ್ಲ. ಅದನ್ನೇ ಗುಣವೆಂದು ತಿಳಿದು ಮಾತ್ರೆಯ ಡಬ್ಬಿಯನ್ನು ಅಟ್ಟಕ್ಕೆ ಎಸೆದೆ! ಕೈ ಸಡಿಲಾಯಿತು, ದೋಸೆ ದುಂಡಾಯಿತು, ಎಲ್ಲರೂ ಹಿಗ್ಗಿದರು. ಒಂದೆರಡು ತಿಂಗಳಲ್ಲಿ ಫ್ಯಾನು ಮತ್ತೆ ಮಾತನಾಡತೊಡಗಿತು. ಮೊನ್ನೆ ನೀನು ಅದರತ್ತ ಸಟ್ಟುಗ ಬೀಸಿ ಎಸೆದಾಗ ಕೆಳಗೆ ನಿಂತಿದ್ದವಳು ಸರಸ. ಅವಳ ಕಣ್ಣು ಉಳಿದದ್ದೇ ಹೆಚ್ಚು. ಈಗಲೂ “ಅವನಿಗೆ ಬೈಬೇಡ” ಎನ್ನುತ್ತಾಳೆ!

ಕೈ ಬಿಗಿಯುತ್ತದೆಂದು ವೈದ್ಯೆಗೆ ಒಂದು ಮಾತು ಹೇಳಬಾರದಿತ್ತೆ? ಸೆರೊಟೋನಿನ್ನಿನ ಮೇಲೂ ಕೆಲಸಮಾಡುವ ಬೇರೆ ಮಾತ್ರೆಗಳಿವೆಯಂತೆ. ಚಲನೆಯ ಹಾದಿಯಲ್ಲಿ ಡೋಪಮೈನನ್ನು ತಡೆದು ಹಿಡಿಯುವುದು ಸೆರೊಟೋನಿನ್. ಆ ಮಾತ್ರೆ ಈ ಹಿಡಿತವನ್ನು ಸಡಿಲಿಸಿದರೆ ಕೈಯ ಬಿಗಿತ ಕಡಿಮೆಯಾದೀತಂತೆ. ಹಸಿವೂ ತೂಕವೂ ಹೆಚ್ಚಬಹುದು, ಎಚ್ಚರವಿರಬೇಕು. ಅವರನ್ನು ಕೇಳುವುದು ಬಿಟ್ಟು ನಿನಗೆ ನೀನೇ ವೈದ್ಯನಾದೆ.

ನಾಳೆ ಬೆಳಗ್ಗೆ ಇಬ್ಬರೂ ಕೀಲ್ಪಾಕಿಗೆ ಹೋಗುತ್ತಿದ್ದೇವೆ. ನಾಳೆ ಏಕಾದಶಿ ಎಂಬ ನೆಪ ಹೇಳಬೇಡ. ಉಪನಯನವಾದಂದಿನಿಂದ ಆ ದಿನ ಹನಿ ನೀರನ್ನೂ ಕುಡಿಯದ ನಾನು, ಹಿಂದಿರುಗಿದೊಡನೆ ನಿನ್ನೆದುರೇ ನನ್ನ ರಕ್ತದೊತ್ತಡದ ಮಾತ್ರೆಯನ್ನು ನುಂಗುತ್ತೇನೆ. ದೇವರಿಗೆ ನಾನೇ ಉತ್ತರ ಹೇಳಿಕೊಳ್ಳುತ್ತೇನೆ. ನೀನು ಎರಡು ಲೋಟ ನೀರು ತುಂಬಿಸಿಡು.

ನಿನ್ನ ಕೈಯೂ ಮನಸ್ಸೂ ನಿನ್ನವಾಗಿಯೇ ಉಳಿಯಲೆಂದು ಹರಸುವ,

ನಿನ್ನ ಸೋದರಮಾವ
ಮಧುಸೂದನ