ಸೊನ್ನದ ಸಂಜೆಗಳು

ಜೂನ್ 18
ಏಳರ ಮಗ್ಗಿ ಮತ್ತೆ ಮರೆತಿದ್ದಾಳೆ. ನಿನ್ನೆ ಪೂರ್ತಿ ಒಪ್ಪಿಸಿದ್ದಳು. ಎಂಟು ವರ್ಷದ ನನ್ನ ಮಗಳು ಭಾಗ್ಯವಂತಿ... ಬ್ಯಾಗ್ ಹೊತ್ತರೆ ಐದರವಳ ಹಾಗೆ ಕಾಣುತ್ತಾಳೆ.

ಶಾಲೆಯ ಗೇಟಿನಲ್ಲಿ ಖುರ್ಷಿದ ಟೀಚರ್ ತಡೆದರು. "ಹುಡುಗಿ ಹಟ ಮಾಡಂಗಿಲ್ರಿ. ಅಕಿಗೆ ನೆನಪೇ ಉಳಿಯಂಗಿಲ್ಲ. ಒಮ್ಮೆ ಕಲಬುರಗಿಗೆ ತೋರಿಸ್ಕೊಂಡು ಬರ್ರಿ."

ಜೂನ್ 24, ಸಂಜೆ 5
ಕಲಬುರಗಿಯಿಂದ ಈಗಷ್ಟೇ ಅಫಜಲಪುರಕ್ಕೆ ವಾಪಸ್. ಡಾಕ್ಟರ್ ಮಧುಮತಿ ಭಾಗ್ಯಾಳ ತಲೆ ಅಳೆದರು. ಕಣ್ಣು, ಮೇಲ್ದುಟಿ ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ— "ಬಸುರಿದ್ದಾಗ ಏನರ ಕುಡೀತಿದ್ರೇನ್ರಿ? ಬೀರು, ವೈನು..."

"ಇಲ್ರಿ." ಅವರು ಕೇಳಿ ಮುಗಿಸುವ ಮೊದಲೇ ಅಂದೆ.

ಪಕ್ಕದಲ್ಲಿ ಗಂಡ ಸಂತೋಷ್. ಬಗ್ಗಿ ಭಾಗ್ಯಾಳ ಚಪ್ಪಲಿ ಸರಿಮಾಡತೊಡಗಿದ.

ಜೂನ್ 25
ಬರೆಯಬಾರದು ಅಂದುಕೊಂಡೆ. ಬರೆಯುತ್ತಿದ್ದೇನೆ.

ಮದುವೆಯಾದ ಮೊದಲ ವರ್ಷ. ಸಂಜೆಯಾದರೆ ಬೈಕಿನಲ್ಲಿ ಸೊನ್ನ ಬ್ಯಾರೇಜಿಗೆ. ತುಂಬಿದ ಭೀಮೆ. ಹುರಿದ ಶೇಂಗಾ, ಸೊಲ್ಲಾಪುರದ ವೈನ್, ಎರಡು ಸ್ಟೀಲ್ ಲೋಟ. ಅತ್ತೆ ಗುರಮ್ಮನಿಗೆ ಗೊತ್ತಿಲ್ಲದ ಕಳ್ಳ ಖುಷಿ. ಬಸುರಿಗೆ ಮೂರು ತಿಂಗಳಾದಾಗ ಲೋಟ ಸರಿಸಿದ್ದೆ. ಸಂತೋಷ್ ನಕ್ಕ— "ಹುಚ್ಚಿ, ದ್ರಾಕ್ಷಿ ರಸ ಅದು. ರಕ್ತ ಆಗತದ."

ಕುಡಿದೆ. ಏಳನೇ ತಿಂಗಳವರೆಗೂ. ಅವನ ಬೆನ್ನಿಗೆ ಒರಗಿ ಕೂತಿದ್ದಾಗಲೇ ಕೂಸು ಮೊದಲ ಸಲ ಒದ್ದದ್ದು. ಅವನಿಗೂ ಗೊತ್ತಾಗಿ, ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಅಷ್ಟು ಸುಖದ ದಿನ ಮತ್ತೆ ಬರಲಿಲ್ಲ. ಆ ಸಂಜೆಗಳನ್ನು ಈಗ ಹೇಗೆ ದ್ವೇಷಿಸಲಿ?

ಜುಲೈ 9
ಮಗ್ಗಿಗಾಗಿ ಹೊಡೆದೆ. ಜೋರಾಗಿಯೇ.

"ಹೊಡೀಬ್ಯಾಡ ಅವ್ವಾ, ನಾ ಶಾಣ್ಯಾಕಿ ಆಗ್ತೇನಿ..."

ಅಡುಗೆಮನೆಯಲ್ಲಿ ಕೂತು ಕಣ್ಣೀರು ಹಾಕಿದೆ. ಸಂತೋಷ್ ಬಂದು ಪಕ್ಕದಲ್ಲಿ ಕೂತ. "ಡಾಕ್ಟರಿಗೆ ಖರೇ ಹೇಳೂಣು, ವಿಜಯಾ."

ಜುಲೈ 11
ಹೇಳಿದೆ. "ಕುಡಿದಿದ್ದೆ ಡಾಕ್ಟರ್."

"ಕುಡಿಸಿದವ ನಾನ್ರಿ," ಅಂದ ಸಂತೋಷ್.

ಡಾಕ್ಟರ್ ಬೈಯಲಿಲ್ಲ. "ತಾಯಿ ಕುಡಿದದ್ದು ಹೊಟ್ಯಾಗಿನ ಕೂಸಿಗೂ ಮುಟ್ಟತದ. ಮಿದುಳಿಗೆ ಪೆಟ್ಟು ಬೀಳತದ. ನಿಮಗ ಯಾರೂ ಹೇಳಿದ್ದಿಲ್ಲ. ಇನ್ನೂ ಕೆಲವು ಟೆಸ್ಟ್ ಮಾಡೂಣು. ಪೂರ್ತಿ ವಾಸಿ ಆಗಂಗಿಲ್ರಿ... ಆದ್ರ ಕಲಿಸೂ ರೀತಿ ಬದಲಿಸಿದ್ರ ಭಾಳ ಕಲೀತಾಳ. ಒಮ್ಮೆಗೆ ಒಂದೇ ಕೆಲಸ ಹೇಳ್ರಿ. ಹೊಡೀಬ್ಯಾಡ್ರಿ."

ಜುಲೈ 13, ಬೆಳಿಗ್ಗೆ 11
ಅತ್ತೆ ಜಿಡಗಾ ಮಠದಿಂದ ಬಂದರು. ಭಾಗ್ಯಾಳ ಹಣೆಗೆ ವಿಭೂತಿ ಹಚ್ಚಿ ನನ್ನ ಕಡೆ ತಿರುಗಿದರು. "ಯಾರ ಕಣ್ಣು ಬಿತ್ತೋ ಕೂಸಿಗೆ! ಡಾಕ್ಟರ್ ಏನಂದ್ಳು? ನನಗ್ಯಾಕ ಯಾರೂ ಹೇಳವಲ್ರಿ?"

"ಕೈಕಾಲು ತೊಳಕೊಂಡು ಬರ್ರಿ, ಹೇಳ್ತೇನಿ" ಅಂದು ಒಳಗೆ ಬಂದಿದ್ದೇನೆ. ಸಂತೋಷ್ ತಾನು ಹೇಳುತ್ತೇನೆ ಅಂದ. ಬೇಡ ಅಂದೆ. ಬಚ್ಚಲಲ್ಲಿ ನೀರಿನ ಸದ್ದು ನಿಂತಿತು. ಕರೆಯುತ್ತಿದ್ದಾರೆ. ಎಲ್ಲಿಂದ ಶುರು ಮಾಡಲಿ... ಮದುವೆಯಾದ ಮೊದಲ ವರ್ಷ, ಅತ್ತೀ, ನಾವಿಬ್ಬರೂ—