ಯೋಚನೆಯ ಮೋಡ ಇಲ್ಲದವರು

ಮಾರ್ಚ್ ೪, ಸೋಮವಾರ

ಇವತ್ತೂ ಚಿತ್ರಕಥೆಯ ಮಾತಿನ ಬಲೂನು ತುಂಬಿದ್ದೇ ಬಂತು. ಮೂರನೇ ಸಂಪುಟ, ಅರ್ಧ ಆಯಿತು. ಬಲೂನು ಚಿಕ್ಕದು, ಅನುವಾದ ಉದ್ದ. ಚಾಕು ಚುಚ್ಚಿಸಿಕೊಂಡು ಬಿದ್ದವನಿಗೆ ಅಷ್ಟೊಂದು ಮಾತು ಯಾಕೆ ಬೇಕೋ! ಅಕ್ಷರ ಕುಗ್ಗಿಸಿ ಕುಗ್ಗಿಸಿ ಕಣ್ಣು ಉರಿ.

ಮಂಗಾ, ಅಂದರೆ ಜಪಾನಿನ ಚಿತ್ರಕಥೆ, ನಮ್ಮ ಭಾಷೆಗೆ ಬರುವುದು ಹೀಗೆ — ಅವರು ಬಲದಿಂದ ಎಡಕ್ಕೆ ಓದುತ್ತಾರೆ, ಆದ್ದರಿಂದ ಮೊದಲು ಪ್ರತಿ ಪುಟವನ್ನೂ ಕನ್ನಡಿಯಲ್ಲಿ ಕಂಡಂತೆ ಫ್ಲಿಪ್ ಮಾಡಬೇಕು. ಆಮೇಲೆ ಅವರ ಅಕ್ಷರ ಅಳಿಸಬೇಕು. ಆಮೇಲೆ ನಮ್ಮದು ತುಂಬಬೇಕು. ಮೂರೂ ನಾನೇ. ಆಫೀಸಿನಲ್ಲಿ ನನಗೆ ಬಲೂನಮ್ಮ ಅಂತಲೇ ಹೆಸರು.

ಕೊಲೆಗಾರ ಸಿಕ್ಕಿದ. ಇನ್ನೂ ಎರಡು ಸಂಪುಟ ಬರಬೇಕು, ಅಷ್ಟರಲ್ಲೇ ಸಿಕ್ಕಿದ. ಕಥೆ ಒಂದು ವಠಾರದ್ದು, ಏಳು ಜನ ಬಾಡಿಗೆದಾರರು, ಪತ್ತೇದಾರ ಒಬ್ಬ ಹಲ್ಲಿನ ಡಾಕ್ಟರು. ಕೊಂದವನು ಪಿಯಾನೋ ರಿಪೇರಿಯವನು. ಊಟದ ಹೊತ್ತಿನಲ್ಲಿ ಗುಬ್ಬಿಗೆ ಹೇಳಿದೆ. ಗುಬ್ಬಿ ಅಂದರೆ ನಮ್ಮ ಪ್ರೂಫ್ ನೋಡುವ ಹುಡುಗಿ, ಹೋದ ವರ್ಷ ಸೇರಿದವಳು. ಡಬ್ಬಿ ತೆರೆದವಳು ಊಟ ಮರೆತಳು.

"ಹೇಗೆ ಗೊತ್ತಾಯ್ತು ಅಕ್ಕಾ?"

"ಬಾಲ ಇರೋದು ಮಾತಿನ ಬಲೂನು. ಗುಳ್ಳೆ ಗುಳ್ಳೆ ಇರೋದು ಯೋಚನೆಯ ಮೋಡ. ಮಾತಲ್ಲಿ ಯಾರು ಬೇಕಾದ್ರೂ ಸುಳ್ಳು ಹೇಳಬಹುದು. ಮೋಡದೊಳಗೆ ಸುಳ್ಳು ಬರೆದ್ರೆ ಅದು ಕಥೆಗಾರನ ಮೋಸ ಆಗುತ್ತೆ, ಓದೋರು ಬಿಡಲ್ಲ. ಅದಕ್ಕೇ ಕೊಲೆಗಾರನಿಗೆ ಮೋಡಾನೇ ಕೊಡಲ್ಲ. ಮಿಕ್ಕ ಆರು ಜನಕ್ಕೂ ತುಂಬಿದೀನಿ. ಮನೆ ಬೆಕ್ಕಿಗೂ ತುಂಬಿದೀನಿ. ಇವನಿಗೆ ಮಾತ್ರ ಇವತ್ತಿನವರೆಗೆ ಒಂದೂ ಇಲ್ಲ."

"ಅಕ್ಕಾ, ನೀವು ಈ ಮೂಲೆಯಲ್ಲಿ ಕೂತಿರಬೇಕಾದವರಲ್ಲ."

ಬೆಣ್ಣೆ ಹಚ್ಚುವುದು ಅಂತ ಗೊತ್ತು. ಆದರೂ ಮಧ್ಯಾಹ್ನವೆಲ್ಲ ಹಗುರವಾಗಿದ್ದೆ.

ಮಾರ್ಚ್ ೭, ಗುರುವಾರ

ಮಾಲೀಕರು ಎಲ್ಲರನ್ನೂ ಕರೆದು ಹೇಳಿದರು — ಮಂಗಾ ವಿಭಾಗಕ್ಕೆ ಸಂಪಾದಕರು ಬೇಕು, ಹೊರಗಿನಿಂದ ತರುವುದಿಲ್ಲ, "ಇಲ್ಲಿರೋರಲ್ಲೇ ಒಬ್ಬರನ್ನ ಮಾಡೋಣ ಅಂತಿದೀನಿ." ಹೇಳುವಾಗ ನನ್ನ ಕಡೆ ನೋಡಿದರು. ಅಥವಾ ನನ್ನ ಹಿಂದಿನ ಗಡಿಯಾರದ ಕಡೆ... ಇಲ್ಲ, ನನ್ನನ್ನೇ.

ಬೇಕು ನನಗೆ ಅದು. ಇಲ್ಲಿ ಬರೆಯಲು ನಾಚಿಕೆ ಯಾಕೆ. ತುಂಬಾ ಬೇಕು. ಈ ಆಫೀಸಿಗೆ ಮೊದಲ ಮಂಗಾ ಬಂದಾಗ ಅದು ಯಾವ ಕಡೆಯಿಂದ ತೆರೆಯುವುದು ಅಂತ ಗೊತ್ತಿದ್ದವಳು ನಾನೊಬ್ಬಳೇ. ಆಗಿನಿಂದ ಪರರ ಮಾತನ್ನು ಪರರ ಬಾಯಿಗೆ ತುಂಬುತ್ತಿದ್ದೇನೆ. ಪುಸ್ತಕದ ಕೊನೆಯಲ್ಲಿ, ಮುದ್ರಕರ ವಿಳಾಸದ ಕೆಳಗೆ, ಇರುವೆ ಗಾತ್ರದಲ್ಲಿ ನನ್ನ ಹೆಸರು. ಒಂದು ಸಲ ಮೊದಲ ಪುಟದಲ್ಲಿ ನೋಡಬೇಕು.

ಅಮ್ಮನಿಗೆ ಹೇಳಿದೆ. "ಮಂಗನ ಪುಸ್ತಕಕ್ಕೂ ಸಂಪಾದಕರು ಬೇಕಾ?" ಅಂದಳು. ಅಮ್ಮನದು ಬೇರೆಯೇ ವಿಧಾನ. ಚಿತ್ರ ನೋಡಿ ಮೂಗು ಚೂಪಾಗಿದ್ದವನೇ ಕೊಲೆಗಾರ ಅನ್ನುತ್ತಾಳೆ. ಇವತ್ತಿನ ತನಕ ಒಂದೂ ಸರಿ ಬಂದಿಲ್ಲ, ಅದರಿಂದ ಅವಳ ಹುಮ್ಮಸ್ಸೇನೂ ಕಡಿಮೆಯಾಗಿಲ್ಲ.

ಮಾರ್ಚ್ ೧೭, ಭಾನುವಾರ

ಗುಬ್ಬಿ ಮನೆಗೆ ಬಂದಿದ್ದಳು. ಈಗೀಗ ಪ್ರತಿ ಭಾನುವಾರ ಬರುತ್ತಾಳೆ. ಅಮ್ಮನಿಗೆ ಅವಳೆಂದರೆ ಪ್ರಾಣ. ತಲೆ ಬಾಚಿಕೊಡುವುದೇನು, ಬಟ್ಟಲು ತುಂಬಾ ಹಣ್ಣು ಹೆಚ್ಚಿಕೊಡುವುದೇನು! ನನಗೆ ಹೆಚ್ಚಿಕೊಟ್ಟಿದ್ದು ನೆನಪಿಲ್ಲ.

ಹಳೆಯ ಸಂಪುಟಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತೆವು. ತೋರಿಸಿಕೊಟ್ಟೆ. ಹೆಣದ ಮುಖ ನೆರಳಲ್ಲಿದ್ದರೆ ಸತ್ತವನು ಬೇರೆ ಯಾರೋ. ಎರಡೇ ಚಿತ್ರಚೌಕದಲ್ಲಿ ಬಂದು ಹೋಗುವ ಕೆಲಸದಾಕೆಯ ಬೆರಳನ್ನು ಒಂದೊಂದಾಗಿ ಬಿಡಿಸಿದ್ದರೆ ಅವಳ ಮೇಲೆ ಕಣ್ಣಿಡು, ಚಿತ್ರಗಾರ ಸುಮ್ಮನೆ ಶಾಯಿ ಖರ್ಚು ಮಾಡುವುದಿಲ್ಲ. ಪುಟ ತಿರುವಿದ ಕೂಡಲೇ ಕಿರುಚಾಟ ಬಂದರೆ ಮತ್ತೆ ಹಿಂದಿನ ಪುಟಕ್ಕೆ ಹೋಗು. ನಮ್ಮನ್ನು ಅವಸರದಲ್ಲಿ ದಾಟಿಸಿದ್ದು ಯಾವುದನ್ನೋ ಅಲ್ಲಿ ಬಚ್ಚಿಡಲು.

ಹಾಗೆ ಹಿಂದಕ್ಕೆ ಹೋಗುವಾಗಲೇ ಕಂಡಿದ್ದು. ವಠಾರದ ಕಥೆಯ ಎರಡನೇ ಸಂಪುಟ, ಚೌಕದ ಅಂಚಿನಲ್ಲಿ ಪಿಯಾನೋದವನು ಬೆಂಕಿಕಡ್ಡಿ ಗೀರುತ್ತಿದ್ದಾನೆ. ಮೂಲದ ಪುಟ ಪಕ್ಕದಲ್ಲಿಟ್ಟು ನೋಡಿದೆ. ಮೂಲದಲ್ಲಿ ಎಲ್ಲರೂ ಬಲಗೈ ಬಳಸುತ್ತಾರೆ, ಇವನೊಬ್ಬ ಎಡಚ. ಅದೇ ಸುಳಿವು. ನಾನು ಫ್ಲಿಪ್ ಮಾಡಿದ್ದೇನಲ್ಲ...

"ಅಂದ್ರೆ ನಮ್ಮ ಪುಸ್ತಕದಲ್ಲಿ ವಠಾರ ಪೂರ್ತಿ ಎಡಚರು, ಕೊಲೆಗಾರ ಒಬ್ಬನೇ ಬಲಗೈಯವನು!" ಗುಬ್ಬಿ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಅಮ್ಮ ಒಳಗಿಂದ ಬಂದು ಏನೂ ಗೊತ್ತಿಲ್ಲದೆ ನಕ್ಕಳು.

ಆಮೇಲೆ ನಗು ನಿಂತಿತು. ಮೊದಲೆರಡು ಸಂಪುಟ ಆಗಲೇ ಅಂಗಡಿಯಲ್ಲಿವೆ. ಐದನೆಯದರಲ್ಲಿ ಡಾಕ್ಟರು "ಕೊಲೆಗಾರ ಎಡಚ" ಅಂತ ಬೆರಳು ತೋರಿಸಿದರೆ ನಮ್ಮ ಮಾನ ಹರಾಜು. ದಾರಿ ಒಂದೇ. ಫ್ಲಿಪ್ ಬಿಡಬೇಕು. ಬಲದಿಂದಲೇ ಓದಿ ಅಂತ ಮೊದಲ ಪುಟದಲ್ಲಿ ಹೇಳಿ ಹೊಸದಾಗಿ ಅಚ್ಚು ಹಾಕಬೇಕು. ಓದುಗರಿಗೆ ಒಂದು ಸ್ಪರ್ಧೆಯನ್ನೂ ಇಡಬಹುದು, ಕೊಲೆಗಾರ ಯಾರು ಹೇಳಿ ಅಂತ.

"ಇದನ್ನ ಸಾಹೇಬ್ರಿಗೆ ಹೇಳಿದ್ರೆ ಸಂಪಾದಕಿ ಪಟ್ಟ ನಿಮಗೇ ಅಕ್ಕಾ," ಅಂದಳು.

ಮಾರ್ಚ್ ೧೯, ಮಂಗಳವಾರ

ಹೋದೆ. ಮಾಲೀಕರು ಫೋನಿನಲ್ಲಿದ್ದರು. ಬಾಗಿಲಲ್ಲೇ ನಿಂತೆ. ಕೈಸನ್ನೆಯಲ್ಲೇ ಏನು ಅಂತ ಕೇಳಿದರು. ಹೇಳಲು ಶುರು ಮಾಡಿದೆ, ಮಧ್ಯದಿಂದ ಶುರುವಾಯಿತು. ಬೆಂಕಿಕಡ್ಡಿಯಿಂದ.

"ಎಡಗೈ ಬಲಗೈ ಎಲ್ಲಾ ಯಾರಮ್ಮ ನೋಡ್ತಾರೆ? ಮೊದಲು ಮೂರನೇದು ಮುಗಿಸಿ."

"ಸರಿ ಸರ್."

ಸರಿ ಸರ್! ನಾಲಿಗೆ ಬಿದ್ದುಹೋಗಿತ್ತಾ ನನಗೆ? ಮೆಟ್ಟಿಲಿಳಿಯುವಾಗ ಎಲ್ಲ ಮಾತೂ ಸಾಲಾಗಿ ಬಂತು, ಎಷ್ಟು ಚೆನ್ನಾಗಿ ಬಂತು. ಗುಬ್ಬಿ ಕೆಳಗಿನಿಂದ ಬಾಗಿಲನ್ನೇ ನೋಡುತ್ತಾ ಕಾಯುತ್ತಿದ್ದಳು. ಪೂರ್ತಿ ಹೇಳಿದ್ರಾ ಅಂದಳು. ಹೇಳಿದೆ, ಒಪ್ಪಲಿಲ್ಲ ಅಂದೆ.

ಮಾರ್ಚ್ ೨೭, ಬುಧವಾರ

ನಾಲ್ಕನೆಯದರ ಜೊತೆಗೆ ಐದನೇ ಸಂಪುಟದ ಮೂಲ ಪುಟಗಳೂ ಬಂದವು. ಅನುವಾದಕರ ಮೇಜಿಗೆ ಹೋಗುವ ಮೊದಲೇ ಚಿತ್ರ ನೋಡಿದೆ. ಪಿಯಾನೋದವನೇ! ಡಾಕ್ಟರು ಅವನ ಎಡಗೈಯನ್ನೇ ಹಿಡಿದೆತ್ತಿದ್ದಾರೆ, ಪುಟ ತುಂಬಾ.

ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಒಬ್ಬಳೇ ಕುಣಿದೆ. ಈ ವಯಸ್ಸಿನಲ್ಲಿ.

ನಾನು ಗುರುತು ಹಾಕಿದ್ದ ಪುಟಗಳನ್ನು ಗುಬ್ಬಿ ಕೇಳಿದಳು, ಮನೆಯಲ್ಲಿ ನಿಧಾನವಾಗಿ ನೋಡಬೇಕಂತೆ. ಕೊಟ್ಟೆ. ಸೋಮವಾರ ಮತ್ತೆ ಮಾಲೀಕರ ಹತ್ತಿರ ಹೋಗುತ್ತೇನೆ, ಈ ಸಲ ಕೂತು ಹೇಳುತ್ತೇನೆ.

ಏಪ್ರಿಲ್ ೨, ಮಂಗಳವಾರ

ಸೋಮವಾರ ಹೋಗಲಿಲ್ಲ. ಅವರು ಯಾರೊಂದಿಗೋ ಮಾತಿನಲ್ಲಿದ್ದರು.

ಇವತ್ತು ಮೀಟಿಂಗ್. ಗುಬ್ಬಿ ಎದ್ದು ನಿಂತಳು. ಗೋಡೆಯ ಮೇಲೆ ಪುಟಗಳು ಬಂದವು, ಎಡಕ್ಕೆ ಮೂಲ, ಬಲಕ್ಕೆ ನಮ್ಮದು. ಕೆಂಪು ಸುತ್ತು ಹಾಕಿದ ಬೆಂಕಿಕಡ್ಡಿ. ಆ ಸುತ್ತು ನನ್ನದು, ನನ್ನ ಕೈ ನನಗೆ ಗೊತ್ತಾಗುವುದಿಲ್ಲವೇ? ಫ್ಲಿಪ್ ಬೇಡ ಸರ್. ಹೊಸ ಆವೃತ್ತಿ ಸರ್. ಸ್ಪರ್ಧೆ ಸರ್. ಹುಡುಗಿ ಎಷ್ಟು ಚೆನ್ನಾಗಿ ಮಾತಾಡಿದಳು! ಶುರುವಿನಿಂದ ಶುರು ಮಾಡಿದಳು, ಮಧ್ಯದಿಂದ ಅಲ್ಲ.

ಮಾಲೀಕರು ಮೇಜು ತಟ್ಟಿದರು. "ಇಷ್ಟು ದಿನ ಇದು ಯಾರ ಕಣ್ಣಿಗೂ ಬೀಳಲಿಲ್ವಲ್ರೀ? ಇದನ್ನ ಹಿಂಗೆ ಉಲ್ಟಾ ಮಾಡಿದ್ದು ಯಾರು?"

ಗುಬ್ಬಿ ಮೇಜನ್ನೇ ನೋಡುತ್ತಿದ್ದಳು. ಲೆಕ್ಕದವನು ಮೂಲೆಯಿಂದ ಅಂದ, "ಅದು ಬಲೂನಮ್ಮನ ಕೆಲಸ ಸರ್."

ಎಲ್ಲರೂ ತಿರುಗಿದರು. ನಾನು ಆಗಲೇ ಹೇಳಿದ್ದೆ ಸರ್ — ಬಾಯಿವರೆಗೆ ಬಂತು. ಅವರಿಗೆ ನೆನಪಿರಲಿಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಈಗ ಹೇಳಿದರೆ ಹೊಟ್ಟೆಕಿಚ್ಚು ಅನ್ನುತ್ತಾರೆ. ಹೊಟ್ಟೆಕಿಚ್ಚೇ. ಉರಿಯುತ್ತಿದೆ, ಇಲ್ಲ ಅನ್ನಲಿ ಯಾಕೆ.

ಸಂಜೆ, ಅದೇ ದಿನ

ಇಂಥ ಕಥೆಗಳಲ್ಲಿ ಪತ್ತೇದಾರನ ಪಕ್ಕದಲ್ಲಿ ಒಬ್ಬ ಗೆಳೆಯ ನಿಂತಿರುತ್ತಾನೆ. ಹೇಗೆ, ಯಾಕೆ, ಆಮೇಲೆ ಅಂತ ಕೇಳುತ್ತಲೇ ಇರುತ್ತಾನೆ. ಓದುಗರ ಪರವಾಗಿ ಕೇಳುತ್ತಿದ್ದಾನೆ ಅಂದುಕೊಂಡು ಅವನ ಮೇಲೆ ಯಾರೂ ಅನುಮಾನ ಪಡುವುದಿಲ್ಲ. ಎಲ್ಲಕ್ಕಿಂತ ಹಳೇ ಕಣ್ಕಟ್ಟು. ಕಾಗದದ ಮೇಲೆ ಇದ್ದಿದ್ದರೆ ಹತ್ತನೇ ಪುಟದಲ್ಲಿ ಹಿಡಿಯುತ್ತಿದ್ದೆ. ಗುಬ್ಬಿ ಒಂದು ವರ್ಷ ಎದುರು ಕೂತು ಉಂಡಳು. ಅವಳು ಏನು ಯೋಚಿಸುತ್ತಾಳೆ, ಏನು ಆಸೆಪಡುತ್ತಾಳೆ — ಒಂದು ದಿನವಾದರೂ ಹೇಳಿದ್ದುಂಟೇ? ನಾನಾದರೂ ಕೇಳಿದ್ದುಂಟೇ? ನನ್ನ ಮಾತು ಮುಗಿದಿದ್ದರೆ ತಾನೇ.

ಏಪ್ರಿಲ್ ೩, ಬುಧವಾರ

ಕೈತೊಳೆಯುವ ಜಾಗದಲ್ಲಿ ಸಿಕ್ಕಿದಳು. ನನ್ನ ಹೆಸರು ಹೇಳಬಹುದಿತ್ತಲ್ಲಾ ಅಂದೆ.

"ಹೇಳಬೇಕು ಅಂತಲೇ ಇದ್ದೆ ಅಕ್ಕಾ. ಅಷ್ಟರಲ್ಲಿ ಅವರು ಯಾರು ಉಲ್ಟಾ ಮಾಡಿದ್ದು ಅಂತ ಕೇಳಿಬಿಟ್ರು. ಆಗ ನಿಮ್ಮ ಹೆಸರು ಹೇಗೆ ತಗೊಳ್ಳಲಿ?"

"ಆಮೇಲೆ ಹೇಳಬಹುದಿತ್ತು."

ಕೊಳಾಯಿ ನಿಲ್ಲಿಸಿದಳು. "ನೀವು ಹೋಗಿದ್ರಿ, ಬಾಗಿಲಲ್ಲಿ ನಿಂತು ವಾಪಸ್ ಬಂದ್ರಿ. ಸೋಮವಾರ ಹೋಗ್ತೀನಿ ಅಂದ್ರಿ, ಹೋಗಲಿಲ್ಲ. ನಾನು ಸುಮ್ಮನಿದ್ದಿದ್ರೆ ಆ ಪುಸ್ತಕ ಹಾಗೇ ಹಾಳಾಗ್ತಿತ್ತು ಅಕ್ಕಾ. ನಿಮಗೆ ಕೊಲೆಗಾರ ಸಿಕ್ಕಿದ್ರೆ ಸಾಕು. ನನಗೆ ಸಾಕಾಗಲ್ಲ. ಮನೇಲಿ ನನ್ನ ಸಂಬಳ ಒಂದೇ."

ಒಂದು ವರ್ಷದಲ್ಲಿ ಅವಳು ತನ್ನ ಬಗ್ಗೆ ಆಡಿದ ಮೊದಲ ಮಾತು. ಅದು ನಿಜವೂ ಹೌದು, ಅದೇ ನುಂಗಲಾರದ ತುತ್ತು. ಈ ಸಲ ಮೆಟ್ಟಿಲಿಳಿಯುವಾಗಲೂ ಮಾತು ಸಾಲಾಗಿ ಬರಲಿಲ್ಲ.

ಮೇ ೨೦, ಸೋಮವಾರ

ಇಷ್ಟು ದಿನ ಬರೆಯಲಿಲ್ಲ. ಕೈಗೆ ಪುರಸೊತ್ತಿರಲಿಲ್ಲ. ಫ್ಲಿಪ್ ತೆಗೆಯುವುದೆಂದರೆ ಗುಂಡಿ ಒತ್ತಿದ ಹಾಗಲ್ಲ, ಪ್ರತಿ ಬಲೂನೂ ಜಾಗ ಬದಲಾಯಿಸುತ್ತದೆ. ಮೂರು ಸಂಪುಟ ಮತ್ತೆ ಮೊದಲಿನಿಂದ ತುಂಬಿದೆ. ನನ್ನ ಐಡಿಯಾಕ್ಕೆ ನಾನೇ ಕೂಲಿ.

ಹೊಸ ಆವೃತ್ತಿ ಇವತ್ತು ಕೈಗೆ ಬಂತು. ಚೆನ್ನಾಗಿದೆ. ಮೊದಲ ಪುಟದಲ್ಲಿ ಸಂಪಾದಕಿ ಅಂತ ಗುಬ್ಬಿಯ ಹೆಸರು, ಅವಳ ಎರಡು ಮಾತು — ಯೋಚನೆಯ ಮೋಡಗಳನ್ನು ಗಮನಿಸಿ, ಅಂತ ಓದುಗರಿಗೆ ಸಲಹೆ. ಆ ವಾಕ್ಯವನ್ನು ಜೋಡಿಸಿದವಳೂ ನಾನೇ. ಕೊನೆಯ ಪುಟದಲ್ಲಿ ನನ್ನ ಇರುವೆ ತನ್ನ ಹಳೇ ಜಾಗದಲ್ಲೇ ಇದೆ.

ಅಮ್ಮ ಮತ್ತೆ ಕೇಳಿದಳು, ಗುಬ್ಬಿ ಯಾಕೆ ಬರುತ್ತಿಲ್ಲ ಅಂತ. ಕೆಲಸ ಜಾಸ್ತಿ ಅಂದೆ. "ನೀನೇ ಏನೋ ಅಂದಿರ್ತೀಯ, ಪಾಪ ಮಗು," ಅಂದಳು. ತಟ್ಟೆ ಬಿಟ್ಟು ಎದ್ದೆ.

ಜೂನ್ ೧೧, ಮಂಗಳವಾರ

ಹೊಸ ಮಂಗಾ ಬಂದಿದೆ. ಹಡಗು, ಎಂಟು ಪ್ರಯಾಣಿಕರು, ಕ್ಯಾಪ್ಟನ್ ಸತ್ತಿದ್ದಾನೆ. ಕೊನೆಯ ಸಂಪುಟವನ್ನು ಜಪಾನಿನವರು ಕಳಿಸಿಲ್ಲ. ಮಾಲೀಕರಿಗೆ ಸ್ಪರ್ಧೆಯ ರುಚಿ ಹತ್ತಿದೆ. ಕೊಲೆಗಾರ ಯಾರು, ಸುಳಿವು ಯಾವುದು, ನಾಳೆಯೊಳಗೆ ಹೇಳು ಅಂತ ಗುಬ್ಬಿಯ ತಲೆ ಮೇಲೆ ಕೂತಿದ್ದಾರೆ. ಹೋದ ಸಲ ಹೇಳಿದವಳಲ್ಲವೇ.

ನನಗೆ ಮೊದಲ ಸಂಪುಟದಲ್ಲೇ ಗೊತ್ತಾಗಿತ್ತು. ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ಈ ದಿನಕ್ಕೇ ಕಾಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಎಲ್ಲರೆದುರು ನಿಂತು ಅವಳು ತಡವರಿಸಬೇಕು. ಆಗ ಮಾಲೀಕರು ಸುತ್ತ ನೋಡಬೇಕು.

ಸಂಜೆ ಎಲ್ಲರೂ ಹೋದ ಮೇಲೆ ಬಂದಳು. ಪುಟಗಳನ್ನು ಎದೆಗವಚಿಕೊಂಡಿದ್ದಳು. ಕಣ್ಣ ಕೆಳಗೆ ಕಪ್ಪು.

"ಅಕ್ಕಾ. ಇಡೀ ವಾರ ನೋಡಿದೆ. ಈ ಸಲ ಎಲ್ಲರಿಗೂ ಮೋಡ ಇದೆ. ಒಬ್ಬರೂ ಸಿಗ್ತಿಲ್ಲ."

"ನಂಗೂ ಗೊತ್ತಿಲ್ಲ."

ನಂಬಲಿಲ್ಲ. ಆದರೂ ತಲೆಯಾಡಿಸಿ ಹೊರಟಳು. ಬಾಗಿಲವರೆಗೆ ಹೋದಳು. ದೀಪ ಆರಿಸಲೇ ಅಂತ ಕೇಳಿದಳು. ನನ್ನೊಬ್ಬಳ ದೀಪ ಬಿಟ್ಟು ಮಿಕ್ಕಿದ್ದೆಲ್ಲ ಆರಿಸಿದಳು. ಆಗ ಹೊಳೆಯಿತು — ಇವಳು ಹೋದರೆ ಇದನ್ನು ನಾನು ಯಾರಿಗೆ ಹೇಳಲಿ? ಮೂಗು ನೋಡುವ ಅಮ್ಮನಿಗೇ? ಲೆಕ್ಕದವನಿಗೇ? ಇಷ್ಟು ವರ್ಷದಲ್ಲಿ ಹೇಗೆ ಅಂತ ನನ್ನನ್ನು ಕೇಳಿದವಳು ಇವಳೊಬ್ಬಳೇ.

"ಬಾ ಇಲ್ಲಿ," ಅಂದೆ.

ಬಂದು ಸ್ಟೂಲು ಎಳೆದುಕೊಂಡಳು.

"ಪ್ರಯಾಣಿಕರಲ್ಲಿ ಒಬ್ಬಳು ನರ್ಸ್ ಇದಾಳಲ್ಲ, ಅವಳ ಮೋಡ ಎಲ್ಲಾ ಓದು. ಎಲ್ಲಾ ನಿಜಾನೇ. ಅಯ್ಯೋ, ಕ್ಯಾಪ್ಟನ್ ಸತ್ತುಹೋದ್ರಲ್ಲಾ ಅಂತಾಳೆ. ಯಾರು ಮಾಡಿದ್ರೋ ಅಂತ ಒಂದು ಸಲಾನೂ ಯೋಚನೆ ಮಾಡಲ್ಲ. ಮಿಕ್ಕ ಏಳು ಜನಕ್ಕೂ ಅದೇ ಚಿಂತೆ. ಅವಳಿಗ್ಯಾಕಿಲ್ಲ?"

ಗುಬ್ಬಿಯ ಬಾಯಿ ತೆರೆದೇ ಇತ್ತು. ಪುಟ ಹಿಂದೆ ಹಿಂದೆ ತಿರುವಿದಳು. ನಾನು ಹೇಳುತ್ತಲೇ ಹೋದೆ, ಕೈಚೀಲ, ಬಾಗಿದ ಚಮಚ, ಖಾಲಿ ಬಿಟ್ಟ ಚೌಕ. ತಡೆಯಲು ಆಗಲಿಲ್ಲ. ಒಂದು ಮಾತೂ ಮಧ್ಯದಿಂದ ಶುರುವಾಗಲಿಲ್ಲ.

ಖುಷಿಯಾಯಿತು. ಥೂ ನನ್ನ ಜನ್ಮಕ್ಕೆ, ಖುಷಿಯಾಯಿತು. ಮನೆಗೆ ನಡೆದುಕೊಂಡೇ ಬಂದೆ.

ನಾಳೆ ಮೀಟಿಂಗ್. ಅವಳು ಎದ್ದು ನಿಲ್ಲುತ್ತಾಳೆ, ಮಾಲೀಕರು ಮೇಜು ತಟ್ಟುತ್ತಾರೆ, ಎಲ್ಲರೂ ಅವಳ ಕಡೆ ನೋಡುತ್ತಾರೆ. ಆಗ ಅವಳು ಒಂದೇ ಒಂದು ಸಲ ನನ್ನ ಕಡೆ ತಿರುಗಿ, ಇದು ಅಕ್ಕ ಹೇಳಿದ್ದು ಸರ್ ಅಂದರೆ... ಮುಂದಿನದು ನಾಳೆ ಬರೆಯುತ್ತೇನೆ.